ಗಾಂಜಾ ಕೇಸಿನಲ್ಲಿ 10 ವರ್ಷ ಶಿಕ್ಷೆ: ತಮ್ಮನಿಗೆ ಪೆರೋಲ್ ಸಿಗುತ್ತಾ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಊರು. ನನ್ನ ತಮ್ಮ ಬಾಡಿಗೆಗೆ ಪಿಕಪ್ ಓಡಿಸುತ್ತಿದ್ದ. 2019ರ ಡಿಸೆಂಬರ್‌ನಲ್ಲಿ ಅವನ ಗಾಡಿಯಲ್ಲಿದ್ದ ಎರಡು ಚೀಲಗಳಲ್ಲಿ 22 ಕೆ.ಜಿ. ಗಾಂಜಾ ಸಿಕ್ಕಿತು. ಅವತ್ತಿನಿಂದ ಒಳಗೇ ಇದ್ದಾನೆ, ಜಾಮೀನು ಸಿಗಲಿಲ್ಲ. 2022ರಲ್ಲಿ ತೀರ್ಪು ಬಂತು. 10 ವರ್ಷ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿ ದಂಡ, ದಂಡ ಕಟ್ಟದಿದ್ದರೆ ಇನ್ನೂ 1 ವರ್ಷ. ಈಗ ಮೈಸೂರು ಜೈಲಿನಲ್ಲಿದ್ದಾನೆ. ಹೈಕೋರ್ಟಿಗೆ ಅಪೀಲು ಹಾಕಿದ್ದೇವೆ, ಅದು ಹಾಗೇ ಇದೆ. ಅವನು ಯಾರ ಮೇಲೂ ಕೈ ಮಾಡಿದವನಲ್ಲ, ಬೇರೆ ಕೇಸೂ ಇಲ್ಲ. ಅಮ್ಮನಿಗೆ ಹುಷಾರಿಲ್ಲ. ಎರಡು ಎಕರೆ ಕಾಫಿ ಇದೆ, ನೋಡಿಕೊಳ್ಳುವವರಿಲ್ಲ. ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಕೇಸಿಗೆ ಪೆರೋಲ್ ಇಲ್ಲವೇ ಇಲ್ಲ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಅನ್ನುತ್ತಾರೆ. ಅಮೆರಿಕದಲ್ಲಿ ಇಂಥ ಕೇಸಿನ ಸಾವಿರಾರು ಜನರಿಗೆ ಶಿಕ್ಷೆ ಕಡಿಮೆ ಮಾಡಿದರು ಎಂದು ಓದಿದೆ. ನಮ್ಮಲ್ಲಿ ಯಾಕಿಲ್ಲ? ನಾವು ಏನು ಮಾಡಬೇಕು?

ಉತ್ತರ: ಪೆರೋಲ್ ಇಲ್ಲವೇ ಇಲ್ಲ ಎಂದವರ ಮಾತು ಸರಿಯಲ್ಲ. ದುಡ್ಡು ಕೊಟ್ಟರೆ ಮಾಡಿಸುತ್ತೇನೆ ಎಂದವರ ಸಹವಾಸವೇ ಬೇಡ. ಪೆರೋಲ್ ಅರ್ಜಿಗೆ ಮಧ್ಯವರ್ತಿ ಬೇಕಾಗಿಲ್ಲ. ನಿಮ್ಮ ತಮ್ಮ ಜೈಲಿನಲ್ಲಿ ಕೂತು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೂ ಅದು ಅರ್ಜಿಯೇ.

ಆದರೆ ಒಂದು ವಿಷಯ ಈಗಲೇ ತಿಳಿದಿರಲಿ. ಪೆರೋಲ್‌ನಿಂದ ನಿಮ್ಮ ತಮ್ಮನ ಶಿಕ್ಷೆ ಒಂದು ದಿನವೂ ಕಡಿಮೆಯಾಗುವುದಿಲ್ಲ. ಅದು ಬರೀ ರಜೆ. ಶಿಕ್ಷೆ ಕಡಿಮೆಯಾಗುವುದಿದ್ದರೆ ಅದು ಅಪೀಲಿನಲ್ಲಿ. ನಿಮ್ಮಂಥ ಮನೆಯವರು ಸಾಮಾನ್ಯವಾಗಿ ಪೆರೋಲ್ ಹಿಂದೆ ಓಡಾಡಿ ಸುಸ್ತಾಗಿ, ಅಪೀಲನ್ನು ಮರೆತೇ ಬಿಡುತ್ತಾರೆ. ನಿಮ್ಮ ಪತ್ರ ಓದಿದಾಗಲೂ ನನಗೆ ಅದೇ ಅನಿಸಿತು. ಅದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು 22 ಕೆ.ಜಿ. ಎಂಬ ಲೆಕ್ಕ. ಅದಕ್ಕೆ ಆಮೇಲೆ ಬರುತ್ತೇನೆ.

ಪೆರೋಲ್ ಇಲ್ಲ ಎಂಬ ಮಾತು ಹುಟ್ಟಿದ್ದು ಎನ್‌ಡಿಪಿಎಸ್ ಕಾಯ್ದೆಯ 32ಎ ಕಲಮಿನಿಂದ. 1989ರಲ್ಲಿ ತಿದ್ದುಪಡಿ ಮಾಡಿ ಇದನ್ನು ಸೇರಿಸಿದರು. ಈ ಕಾಯ್ದೆಯಡಿ ಕೊಟ್ಟ ಶಿಕ್ಷೆಯನ್ನು ಅಮಾನತಿನಲ್ಲಿಡುವಂತಿಲ್ಲ, ಮಾಫಿ ಮಾಡುವಂತಿಲ್ಲ, ಬದಲಾಯಿಸುವಂತಿಲ್ಲ ಎಂದು ಅದು ಹೇಳುತ್ತದೆ. ಸೇವನೆಗೆ ಸಂಬಂಧಿಸಿದ 27ನೇ ಕಲಮಿಗೆ ಮಾತ್ರ ವಿನಾಯಿತಿ ಇದೆ. ಇದನ್ನು ಓದಿದವರು ಪೆರೋಲೂ ಇಲ್ಲ ಎಂದುಕೊಂಡರು. ಕೆಲವು ಜೈಲುಗಳಲ್ಲೂ ಹಾಗೇ ಹೇಳಿ ಅರ್ಜಿ ವಾಪಸ್ ಕೊಡುತ್ತಿದ್ದರು.

2000ದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ದಾದು ಅಲಿಯಾಸ್ ತುಳಸೀದಾಸ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಕೇಸು ಅದು. ವಕೀಲರ ಹತ್ತಿರ ದಾದು ಕೇಸ್ ಎಂದರೆ ಸಾಕು, ಗೊತ್ತಾಗುತ್ತದೆ. ಅದರಲ್ಲಿ ಮೂರು ವಿಷಯ ತೀರ್ಮಾನವಾಯಿತು. ಪೆರೋಲ್ ಕೊಡುವ ಅಧಿಕಾರವನ್ನು 32ಎ ಮುಟ್ಟುವುದೇ ಇಲ್ಲ. ಯಾಕೆಂದರೆ ಪೆರೋಲ್ ಮೇಲೆ ಹೊರಗೆ ಬಂದವನ ಶಿಕ್ಷೆ ನಿಂತಿರುವುದಿಲ್ಲ, ಅವನು ಕಾನೂನಿನ ಲೆಕ್ಕದಲ್ಲಿ ಕೈದಿಯೇ. ಅಪೀಲು ನಡೆಸುವ ಕೋರ್ಟಿಗೆ ಶಿಕ್ಷೆ ಅಮಾನತು ಮಾಡುವ ಅಧಿಕಾರ ವಾಪಸ್ ಬಂತು. ಆದರೆ ಅದಕ್ಕೆ 37ನೇ ಕಲಮಿನ ಕಠಿಣ ಷರತ್ತು ಅನ್ವಯಿಸುತ್ತದೆ, ಅಂದರೆ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣ ಇರಬೇಕು. ಸರ್ಕಾರ ಮಾಫಿ ಕೊಡುವಂತಿಲ್ಲ ಎಂಬ ಭಾಗ ಮಾತ್ರ ಹಾಗೇ ಉಳಿಯಿತು.

ಹಾಗಾಗಿ ಜೈಲಿನ ಕಚೇರಿಯಲ್ಲಿ ಯಾರಾದರೂ 'ಎನ್‌ಡಿಪಿಎಸ್‌ಗೆ ಪೆರೋಲ್ ಇಲ್ಲ' ಎಂದು ಬಾಯಿಮಾತಿನಲ್ಲಿ ಹೇಳಿದರೆ ಸುಮ್ನೆ ಎದ್ದು ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇಲ್ಲ ಎನ್ನುವುದಾದರೆ ಬರವಣಿಗೆಯಲ್ಲಿ ಕೊಡಲಿ. ಯಾವ ನಿಯಮದ ಯಾವ ಕಲಂ ಅಡಿ ಎಂದು ಬರೆಯಲಿ. ಇದು ಹಟಕ್ಕೆ ಹೇಳುವ ಮಾತಲ್ಲ. ದಾದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸೇರಿಸಿದೆ. ಪೆರೋಲ್ ಸಿಗುವುದು ಆಯಾ ರಾಜ್ಯದ ಜೈಲು ನಿಯಮಗಳ ಷರತ್ತಿಗೆ ಒಳಪಟ್ಟು. ಕೆಲವು ರಾಜ್ಯಗಳಲ್ಲಿ ಮಾದಕ ವಸ್ತು ಕೇಸಿನವರಿಗೆ ಬಿಗಿ ಜಾಸ್ತಿ. ನಮ್ಮಲ್ಲಿ 1963ರ ಕರ್ನಾಟಕ ಕಾರಾಗೃಹ ಕಾಯ್ದೆ ಇದೆ, 2021ರ ಕಾರಾಗೃಹ ಮ್ಯಾನುಯಲ್ ಇದೆ. ನಿರಾಕರಿಸುವ ಅಧಿಕಾರಿ ಆ ಮ್ಯಾನುಯಲ್‌ನ ಕಲಂ ತೋರಿಸಬೇಕು. ತೋರಿಸಿದರೆ ಅದು ನಿಮ್ಮ ತಮ್ಮನಿಗೆ ಅನ್ವಯಿಸುತ್ತದೋ ಇಲ್ಲವೋ ಎಂದು ಹೈಕೋರ್ಟಿನಲ್ಲಿ ಕೇಳಬಹುದು. ಬಾಯಿಮಾತಿನ ವಿರುದ್ಧ ಯಾವ ಕೋರ್ಟಿಗೆ ಹೋಗುತ್ತೀರಿ?

ಅರ್ಜಿಯಲ್ಲಿ ಕಾರಣ ಏನು ಬರೆಯಬೇಕು ಎಂಬುದು ಮುಖ್ಯ. ಜನ ಕಷ್ಟವನ್ನೆಲ್ಲ ತುಂಬಿ ಮೂರು ಪುಟ ಬರೆಯುತ್ತಾರೆ. ಬೇಡ. ನಿಮ್ಮ ಹತ್ತಿರ ಎರಡು ಗಟ್ಟಿ ಕಾರಣಗಳಿವೆ, ತಾಯಿಯ ಆರೋಗ್ಯ ಮತ್ತು ಕಾಫಿ ಕುಯ್ಲು. ಎರಡಕ್ಕೂ ಕಾಗದ ಇರಬೇಕು. ತಾಯಿಯನ್ನು ಖಾಸಗಿ ಕ್ಲಿನಿಕ್‌ನಲ್ಲಿ ತೋರಿಸುತ್ತಿದ್ದರೂ ಒಂದು ಸಲ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿನ ಚೀಟಿ, ಸರ್ಟಿಫಿಕೇಟು ಪೊಲೀಸರಿಗೂ ಜೈಲಿನವರಿಗೂ ಬೇಗ ಒಪ್ಪಿಗೆಯಾಗುತ್ತದೆ. ತೋಟಕ್ಕೆ ಪಹಣಿ, ಜೊತೆಗೆ ಮನೆಯಲ್ಲಿ ಬೇರೆ ದುಡಿಯುವ ಗಂಡಾಳು ಇಲ್ಲ ಎಂಬುದಕ್ಕೆ ರೇಷನ್ ಕಾರ್ಡು.

ಕೃಷಿ ಕೆಲಸ ಒಂದು ಕಾರಣವಾ ಎಂದು ನೀವು ಕೇಳಬಹುದು. ಹೌದು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕೊಲೆ ಕೇಸಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಕನಕಪುರ ಕಡೆಯ ಒಬ್ಬರಿಗೆ ಜಮೀನಿನ ಕೆಲಸ ನೋಡಿಕೊಳ್ಳಲೆಂದೇ 90 ದಿನ ಪೆರೋಲ್ ಕೊಟ್ಟಿತು. ಮನೆಯಲ್ಲಿ ಬೇಸಾಯ ಮಾಡಲು ಬೇರೆ ಗಂಡಸರಿಲ್ಲ ಎಂಬುದೇ ಅಲ್ಲಿ ಕಾರಣ. ನಿಮ್ಮ ಎರಡು ಎಕರೆಗೂ ಆ ಮಾತು ಹೊಂದುತ್ತದೆ. ಆದರೆ ಸಮಯ ಲೆಕ್ಕ ಹಾಕಿ. ಸಿದ್ದಾಪುರ ಕಡೆ ರೋಬಸ್ಟಾ ಜಾಸ್ತಿ, ಕುಯ್ಲು ಜೋರಾಗುವುದು ಜನವರಿಯಲ್ಲಿ. ಡಿಸೆಂಬರ್‌ನಲ್ಲಿ ಅರ್ಜಿ ಹಾಕಿದರೆ ಪೊಲೀಸ್ ವರದಿ ಬರುವಷ್ಟರಲ್ಲಿ ಹಣ್ಣು ನೆಲದಲ್ಲಿರುತ್ತದೆ. ಸೆಪ್ಟೆಂಬರ್‌ನಲ್ಲೇ ಹಾಕಿ, 'ಜನವರಿ ಮೊದಲ ವಾರದಿಂದ' ಎಂದು ದಿನ ನಮೂದಿಸಿ.

ಇನ್ನು ಪೊಲೀಸ್ ವರದಿ. ಪೆರೋಲ್ ಗೆಲ್ಲುವುದೂ ಸೋಲುವುದೂ ಇಲ್ಲೇ. ಜೈಲಿನ ಸೂಪರಿಂಟೆಂಡೆಂಟರು ಅರ್ಜಿಯನ್ನು ಮಡಿಕೇರಿಗೆ, ಕೊಡಗು ಎಸ್‌ಪಿ ಅವರಿಗೆ ಕಳಿಸುತ್ತಾರೆ. ಎಸ್‌ಪಿ ಕಚೇರಿಯಿಂದ ನಿಮ್ಮ ಠಾಣೆಗೆ ಬರುತ್ತದೆ. ಠಾಣೆಯಿಂದ ಒಬ್ಬರು ನಿಮ್ಮ ಮನೆಗೆ ಬಂದು, ಅಕ್ಕಪಕ್ಕದವರ ಹೇಳಿಕೆ ಬರೆದುಕೊಂಡು, ವರದಿ ಮೇಲಕ್ಕೆ ಕಳಿಸುತ್ತಾರೆ. ಆ ವರದಿಯಲ್ಲಿ 'ಬಿಡುಗಡೆ ಮಾಡಿದರೆ ಶಾಂತಿಭಂಗವಾಗುವ ಸಂಭವವಿದೆ, ತಲೆಮರೆಸಿಕೊಳ್ಳುವ ಸಾಧ್ಯತೆ ಇದೆ' ಎಂಬ ಎರಡು ಸಾಲು ಬಂದರೆ ಕೆಲಸ ಕೆಟ್ಟಿತು. ನಿಜ ಹೇಳಬೇಕೆಂದರೆ ಈ ಎರಡು ಸಾಲು ಎಷ್ಟೋ ವರದಿಗಳಲ್ಲಿ ಅಚ್ಚು ಹಾಕಿದ ಹಾಗೆ ಒಂದೇ ರೀತಿ ಇರುತ್ತವೆ.

ಕೊಡಗಿನವರಿಗೆ ಇಲ್ಲಿ ಮೂರು ತೊಡಕುಗಳಿವೆ. ಒಂದು, ಗಡಿ. ಕುಟ್ಟ, ಮಾಕುಟ್ಟ, ಕರಿಕೆ ಮೂರೂ ಕಡೆ ಕೇರಳ ಹತ್ತಿರ. ಅದರಲ್ಲೂ ಗಾಂಜಾ ಕೇಸು ಎಂದ ಮೇಲೆ, ಗಡಿ ದಾಟಿ ಹೋದರೆ ಹಿಡಿಯುವುದು ಕಷ್ಟ ಎಂದು ಬರೆಯುವುದು ಸುಲಭ. ಎರಡು, ವಿಳಾಸ. ತೋಟದ ಲೈನ್ ಮನೆಯಲ್ಲಿ ಇರುವವರಿಗೆ ಸ್ವಂತ ಮನೆಯ ದಾಖಲೆ ಇರುವುದಿಲ್ಲ, ಖಾಯಂ ವಿಳಾಸ ಇಲ್ಲ ಎಂದು ಬರೆದುಬಿಡುತ್ತಾರೆ. ನಿಮಗೆ ಸ್ವಂತ ತೋಟ ಇರುವುದರಿಂದ ಈ ಕಷ್ಟ ಇಲ್ಲ. ಆದರೆ ಇದನ್ನು ಓದುವ ಬೇರೆಯವರಿಗೆ ಹೇಳುತ್ತೇನೆ, ತೋಟದ ಮಾಲೀಕರಿಂದ 'ಪೆರೋಲ್ ಅವಧಿಯಲ್ಲಿ ಇವರು ನಮ್ಮ ಲೈನ್ ಮನೆಯಲ್ಲೇ ಇರುತ್ತಾರೆ' ಎಂದು ಒಂದು ಪತ್ರ ಬರೆಸಿಕೊಳ್ಳಿ.

ಮೂರನೆಯದು ಜಾಮೀನುದಾರರ ಪಹಣಿ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಜಮ್ಮಾ ಜಾಗಗಳ (ಇಡೀ ಮನೆತನಕ್ಕೆ ಸೇರಿದ ಹಳೆಯ ಹಿಡುವಳಿ) ಪಹಣಿ ಮನೆತನದ ಹಿರಿಯರಾದ ಪಟ್ಟೆದಾರರ ಹೆಸರಿನಲ್ಲಿ, ಜೊತೆಗೆ ಒಕ್ಕದ, ಅಂದರೆ ಮನೆತನದ, ಹತ್ತಾರು ಜನರ ಹೆಸರಿನಲ್ಲಿ ಇರುತ್ತದೆ. ಅದನ್ನು ತೆಗೆದುಕೊಂಡು ಹೋಗಿ ನಾನು ಶ್ಯೂರಿಟಿ ನಿಲ್ಲುತ್ತೇನೆ ಎಂದರೆ, ಇದರಲ್ಲಿ ನಿಮ್ಮ ಪಾಲು ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಡಲು ಹೊರಟರೆ ತಿಂಗಳುಗಟ್ಟಲೆ ಹೋಗುತ್ತದೆ. ಒಬ್ಬರದೇ ಹೆಸರಿನಲ್ಲಿ ಪಹಣಿ ಇರುವ ನೆಂಟರನ್ನೋ ಸಂಬಳದ ಚೀಟಿ ಇರುವ ನೌಕರರನ್ನೋ ಮೊದಲೇ ಒಪ್ಪಿಸಿಡಿ.

ವರದಿಗೆ ಪೊಲೀಸರು ಬರುವ ಮೊದಲೇ ನೀವು ಠಾಣೆಗೆ ಹೋಗಿ ಒಂದು ಅರ್ಜಿ ಕೊಟ್ಟು ಬನ್ನಿ. ಅದರಲ್ಲಿ ತಮ್ಮನಿಗೆ ಬೇರೆ ಕೇಸಿಲ್ಲ, ಊರಿನಲ್ಲಿ ಯಾರ ಜೊತೆಯೂ ದ್ವೇಷವಿಲ್ಲ, ಪೆರೋಲ್ ಅವಧಿಯಲ್ಲಿ ಠಾಣೆಗೆ ಬಂದು ಸಹಿ ಹಾಕಲು ತಯಾರಿದ್ದಾನೆ ಎಂದು ಇರಲಿ. ಪಂಚಾಯ್ತಿ ಸದಸ್ಯರು, ಪಕ್ಕದ ಮನೆಯವರು ಸಹಿ ಮಾಡಿದರೆ ಒಳ್ಳೆಯದು. ಕೊಲೆ, ಹಲ್ಲೆ ಕೇಸುಗಳಲ್ಲಿ ಊರಿನಲ್ಲಿ ನೊಂದವರ ಮನೆ ಒಂದಿರುತ್ತದೆ, ಅವರು ಅಡ್ಡ ಬರುತ್ತಾರೆ. ನಿಮ್ಮ ತಮ್ಮನ ಕೇಸಿನಲ್ಲಿ ಅಂಥ ಮನೆಯೇ ಇಲ್ಲ. ಶಾಂತಿಭಂಗ ಎಂದು ಬರೆಯಲು ಆಧಾರವೇ ಇಲ್ಲ. ಇದನ್ನು ಅರ್ಜಿಯಲ್ಲೇ ಬರೆಯಿರಿ. ಹಿಂಸೆ ಇಲ್ಲದ ಕೇಸು ಎಂಬುದು ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಈ ಜಾಗದಲ್ಲಿ.

ಇಷ್ಟಾದರೂ ನಿರಾಕರಿಸಿದರೆ, ಅಥವಾ ಅರ್ಜಿಯನ್ನು ಸುಮ್ನೆ ಇಟ್ಟುಕೊಂಡು ಕೂತರೆ, ಬೆಂಗಳೂರಿನ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕಬಹುದು. 2017ರಲ್ಲಿ ಅಸ್ಫಾಕ್ ಮತ್ತು ರಾಜಸ್ಥಾನ ಸರ್ಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಅಲ್ಲಿ ಕೆಲಸಕ್ಕೆ ಬರುತ್ತದೆ. ದೀರ್ಘ ಶಿಕ್ಷೆಯವರಿಗೂ ಸ್ವಲ್ಪ ಕಾಲ ಹೊರಗಿನ ಗಾಳಿ, ಮನೆಯವರ ಸಂಪರ್ಕ ಬೇಕು, ಗಂಭೀರ ಅಪರಾಧ ಎಂಬ ಒಂದೇ ಕಾರಣಕ್ಕೆ ಪೆರೋಲ್ ನಿರಾಕರಿಸಬಾರದು ಎಂದು ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ ಸಮಾಜದ ಹಿತವನ್ನೂ ನೋಡಬೇಕು ಎಂದೂ ಇದೆ. ಎದುರು ಪಕ್ಷದ ಸರ್ಕಾರಿ ವಕೀಲರು ಆ ಸಾಲನ್ನೇ ಓದುತ್ತಾರೆ, ಗಾಬರಿಯಾಗಬೇಡಿ.

ಪೆರೋಲ್ ಸಿಕ್ಕಿದ ಮೇಲೆ ವಾಪಸ್ ಹೋಗುವ ದಿನದ ಬಗ್ಗೆ ಒಂದು ಮಾತು. ಒಂದು ದಿನ ತಡವಾದರೂ ಮುಂದಿನ ಪೆರೋಲ್ ಕನಸು. ಹೊಸ ಕೇಸೂ ಆಗಬಹುದು. ತಾಯಿಯ ಕಾಯಿಲೆಗೆಂದು ಮಳೆಗಾಲದಲ್ಲಿ ಬಂದರೆ, ಅದರಲ್ಲೂ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್), ಹಿಂದಿನ ದಿನವೇ ಮೈಸೂರು ಸೇರಿಕೊಳ್ಳಲಿ. ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು ಎಂಬುದು ನಮಗೆ ನಿಜವಾದ ಕಾರಣ. 2018ರ ಆಗಸ್ಟ್ ನೋಡಿದವರು ನಾವು. ಜೈಲಿನ ರಿಜಿಸ್ಟರಿಗೆ ಅದನ್ನು ವಿವರಿಸುವ ಪರಿಸ್ಥಿತಿ ಬರುವುದೇ ಬೇಡ. ಹಾಗೇ, ಹೊರಗಿದ್ದ ದಿನಗಳು ಶಿಕ್ಷೆಯ ಲೆಕ್ಕಕ್ಕೆ ಸೇರುತ್ತವೆ ಎಂದು ನಂಬಿಕೊಳ್ಳಬೇಡಿ. 2023ರಲ್ಲಿ ಗೋವಾದ ಜೀವಾವಧಿ ಕೈದಿಗಳ ಕೇಸಿನಲ್ಲಿ, ಅವಧಿಪೂರ್ವ ಬಿಡುಗಡೆಯ ಲೆಕ್ಕಕ್ಕೆ ಪೆರೋಲ್ ದಿನ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿನ ನಿಯಮ ಹಾಗಿತ್ತು. ಬಿಡುಗಡೆ ದಿನಾಂಕ ಮುಂದೆ ಹೋಗುತ್ತದಾ ಎಂದು ತಮ್ಮ ಜೈಲಿನಲ್ಲಿ ಮೊದಲೇ ಕೇಳಿಕೊಳ್ಳಲಿ.

ಈಗ 22 ಕೆ.ಜಿ. ವಿಷಯ.

ಗಾಂಜಾಕ್ಕೆ 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ. 20 ಕೆ.ಜಿ.ಗಿಂತ ಜಾಸ್ತಿ ಇದ್ದರೆ ವಾಣಿಜ್ಯ ಪ್ರಮಾಣ. ಇದು 2001ರ ಅಕ್ಟೋಬರ್‌ನ ಕೇಂದ್ರ ಸರ್ಕಾರದ ಅಧಿಸೂಚನೆ. ಸಣ್ಣ ಪ್ರಮಾಣಕ್ಕೆ ಹೆಚ್ಚೆಂದರೆ 1 ವರ್ಷ. ನಡುವಿನದಕ್ಕೆ 10 ವರ್ಷದವರೆಗೆ, ಆದರೆ ಕನಿಷ್ಠ ಇಷ್ಟೇ ಎಂದಿಲ್ಲ. ವಾಣಿಜ್ಯ ಪ್ರಮಾಣ ಎಂದಾದರೆ ಕನಿಷ್ಠವೇ 10 ವರ್ಷ, ಗರಿಷ್ಠ 20. ದಂಡವೂ ಕನಿಷ್ಠ 1 ಲಕ್ಷ. ಅಂದರೆ ನಿಮ್ಮ ತಮ್ಮನಿಗೆ ಸೆಷನ್ಸ್ ನ್ಯಾಯಾಧೀಶರು ಕೊಟ್ಟಿದ್ದು ಕಾನೂನಿನಲ್ಲಿರುವ ಅತಿ ಕಡಿಮೆ ಶಿಕ್ಷೆ. ಇವನು ಬರೀ ಡ್ರೈವರು, ಮಾಲು ಯಾರದೋ, ಬಾಡಿಗೆಗೆ ಬಂದವನು ಎಂದು ಅವರಿಗೆ ಅನಿಸಿದ್ದರೂ 9 ವರ್ಷ ಕೊಡುವ ಅಧಿಕಾರ ಅವರಿಗಿರಲಿಲ್ಲ. ಈ ಕಾಯ್ದೆಯ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ. ಅದು ಚೀಲವನ್ನು ತೂಗುತ್ತದೆ, ಮನುಷ್ಯನನ್ನು ತೂಗುವುದಿಲ್ಲ.

ಆದರೆ ಚೀಲದ ತೂಕವೇ ಎಲ್ಲ ಎಂದಾದರೆ, ಆ ತೂಕ ಸರಿ ಇರಬೇಕಲ್ವಾ? ಕಾಯ್ದೆಯ 2ನೇ ಕಲಂ ಪ್ರಕಾರ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿಗಳು. ಬೀಜ ಮತ್ತು ಎಲೆ, ತುದಿಯ ಜೊತೆಯಲ್ಲಿ ಇಲ್ಲದಿದ್ದರೆ, ಗಾಂಜಾ ಅಲ್ಲ. ಕಾಂಡ, ಬೇರಿನ ಮಾತೇ ಅದರಲ್ಲಿಲ್ಲ. ಹಿಡಿದಾಗ ಸಾಮಾನ್ಯವಾಗಿ ಆಗುವುದೇನು? ಚೀಲವನ್ನು ಹಾಗೇ ತಕ್ಕಡಿಗಿಟ್ಟು, ಬಂದ ತೂಕವನ್ನು ಮಹಜರಿನಲ್ಲಿ ಬರೆಯುತ್ತಾರೆ. ಚೀಲದ ತೂಕ ಕಳೆದರಾ? ಹಸಿ ಇತ್ತಾ, ಒಣಗಿತ್ತಾ? ಕಡ್ಡಿ, ಎಲೆ ಬೇರೆ ಮಾಡಿದರಾ? ನಿಮ್ಮ ಕೇಸಿನಲ್ಲಿ ಗೆರೆ ದಾಟಿರುವುದು ಬರೀ 2 ಕೆ.ಜಿ. ಅಷ್ಟು ಕಡಿಮೆಯಾದರೆ ಕೇಸು ನಡುವಿನ ಪ್ರಮಾಣಕ್ಕೆ ಇಳಿಯುತ್ತದೆ. ನಿಖರವಾಗಿ 20 ಕೆ.ಜಿ. ಇದ್ದರೂ ಅದು ವಾಣಿಜ್ಯ ಪ್ರಮಾಣವಲ್ಲ, 20ಕ್ಕಿಂತ ಜಾಸ್ತಿ ಇರಬೇಕು. ಹಾಗೆ ಇಳಿದರೆ ಕನಿಷ್ಠ 10 ವರ್ಷ ಎಂಬುದು ಹೋಗುತ್ತದೆ, 37ನೇ ಕಲಮಿನ ಬಿಗಿಯೂ ಹೋಗುತ್ತದೆ. ಇಷ್ಟು ವರ್ಷ ಒಳಗಿದ್ದಾನೆ, ಇದೇ ಶಿಕ್ಷೆ ಸಾಕು ಎಂದು ಹೈಕೋರ್ಟ್ ಹೇಳಬಹುದು.

ಇದಕ್ಕೆ ನೀವು ಮಾಡಬೇಕಾದ್ದು ಇಷ್ಟು. ಮಹಜರು, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ, ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ದಾಸ್ತಾನು ಪಟ್ಟಿ, ಈ ಮೂರರ ನಕಲು ತೆಗೆಸಿ ಪಕ್ಕಪಕ್ಕ ಇಟ್ಟು ತೂಕ ಓದಿ. 52ಎ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಎದುರು ಪಟ್ಟಿ ಮಾಡಿ, ಫೋಟೋ ತೆಗೆದು, ಅವರ ಸಮಕ್ಷಮದಲ್ಲೇ ಸ್ಯಾಂಪಲ್ ತೆಗೆಯಬೇಕು. 2016ರಲ್ಲಿ ಮೋಹನ್‌ಲಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಹಿಡಿದ ಜಾಗದಲ್ಲೇ ಸ್ಯಾಂಪಲ್ ತೆಗೆದಿದ್ದಾರೆ ಎಂಬ ಕಾರಣವೂ ಸೇರಿ 2023ರಲ್ಲಿ ಸಿಮರ್‌ನಜೀತ್ ಸಿಂಗ್ ಎಂಬವರ ಕೇಸು ಬಿದ್ದುಹೋಯಿತು. ಎರಡು ಚೀಲವನ್ನು ಒಂದಕ್ಕೊಂದು ಬೆರೆಸಿ ಒಂದೇ ಸ್ಯಾಂಪಲ್ ತೆಗೆದಿದ್ದಾರಾ ಎಂದೂ ನೋಡಿ. ಈ ಕಾಗದ ಓದಲು ವಕೀಲರೇ ಆಗಬೇಕೆಂದಿಲ್ಲ. ತೂಕದ ಅಂಕಿ ಹೊಂದುತ್ತದೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ಒಂದು ತಪ್ಪು ಆಸೆಯನ್ನು ಮಾತ್ರ ಇಟ್ಟುಕೊಳ್ಳಬೇಡಿ. '50ನೇ ಕಲಂ ಪಾಲಿಸಿಲ್ಲ, ಕೇಸು ಬಿದ್ದುಹೋಗುತ್ತದೆ' ಎಂದು ಹೇಳುವವರು ಜಾಸ್ತಿ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆಯ ಹಕ್ಕು ಇರುವುದು ಮೈ ಮೇಲಿನ ತಪಾಸಣೆಗೆ. ಪಿಕಪ್‌ನಲ್ಲಿದ್ದ ಚೀಲಕ್ಕೆ ಅದು ಅನ್ವಯಿಸುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಹಲವು ಸಲ ಹೇಳಿಯಾಗಿದೆ. ನಿಮ್ಮ ವಕೀಲರು ಇದೊಂದನ್ನೇ ನಂಬಿಕೊಂಡಿದ್ದರೆ ತೂಕದ ವಿಷಯವನ್ನು ನೀವೇ ಎತ್ತಿ. ಚೀಲದಲ್ಲಿ ಏನಿದೆ ಎಂದು ಡ್ರೈವರಿಗೆ ಗೊತ್ತಿತ್ತಾ ಎಂಬ ಪ್ರಶ್ನೆಯೂ ಇದೆ. ಆದರೆ ಈ ಕಾಯ್ದೆಯಲ್ಲಿ ಗೊತ್ತಿತ್ತು ಎಂದೇ ಕೋರ್ಟ್ ಮೊದಲು ಭಾವಿಸುತ್ತದೆ, ಗೊತ್ತಿರಲಿಲ್ಲ ಎಂದು ಆರೋಪಿಯೇ ತೋರಿಸಬೇಕು. ಬಾಡಿಗೆ ಗೊತ್ತು ಮಾಡಿದವರ ಫೋನ್ ಕರೆ, ಬಾಡಿಗೆ ರಸೀದಿ ಇಂಥದ್ದು ವಿಚಾರಣೆಯಲ್ಲೇ ದಾಖಲಾಗಿದ್ದರೆ ಮಾತ್ರ ಅದಕ್ಕೆ ಬಲ.

ಅಪೀಲು ಹಾಗೇ ಇದೆ ಎಂದಿರಿ. ಹಾಗೇ ಇರಲು ಬಿಡಬೇಡಿ. ಅದರೊಳಗೇ ಶಿಕ್ಷೆ ಅಮಾನತಿಗೆ ಒಂದು ಅರ್ಜಿ ಹಾಕಿಸಿ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಬದಲಿಗೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅದು 430ನೇ ಕಲಂ. ವಾಣಿಜ್ಯ ಪ್ರಮಾಣ ಆಗಿರುವುದರಿಂದ, ಇವನು ತಪ್ಪಿತಸ್ಥನಲ್ಲ ಎಂದು ನಂಬಲು ಮೇಲ್ನೋಟಕ್ಕೇ ಕಾರಣ ಬೇಕು ಎಂಬ 37ನೇ ಕಲಂ ಅಡ್ಡ ಬರುತ್ತದೆ. ಆದರೂ 2023ರ ಮಾರ್ಚ್‌ನಲ್ಲಿ ಒಂದು ಗಾಂಜಾ ಕೇಸಿನಲ್ಲಿ, ವಿಚಾರಣೆ ವರ್ಷಗಟ್ಟಲೆ ಎಳೆದಾಗ ಜಾಮೀನಿಗೆ ಈ ಕಲಂ ಅಡ್ಡಿಯಾಗಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅದು ವಿಚಾರಣಾಧೀನ ಕೈದಿಯ ಕೇಸು ನಿಜ. ಆದರೆ 10 ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆದು, ಅಪೀಲು ಯಾವಾಗ ಬರುತ್ತದೋ ಗೊತ್ತಿಲ್ಲದಿದ್ದರೆ ಅದೇ ವಾದವನ್ನು ಮುಂದಿಡಬಹುದು. ಅಮಾನತು ಸಿಗದಿದ್ದರೂ, ಅಪೀಲನ್ನು ಬೇಗ ವಿಚಾರಣೆಗೆ ತೆಗೆದುಕೊಳ್ಳಿ ಎಂದು ಕೇಳಲು ಅದೇ ಅರ್ಜಿ ದಾರಿ. ಅಪೀಲು ಕೇಳುವಷ್ಟರಲ್ಲಿ ಶಿಕ್ಷೆಯೇ ಮುಗಿದು, ಆಮೇಲೆ ಗೆದ್ದು ಏನು ಬಂತು?

ವಕೀಲರ ಫೀಸು ಹೊರೆಯಾಗಿದ್ದರೆ, ಜೈಲಿನಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲೇ ಇದೆ. ಮಡಿಕೇರಿ ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಅಪೀಲನ್ನೇ ಹಾಕದ ಮನೆಯವರು ಇದನ್ನು ಓದುತ್ತಿದ್ದರೆ, 60 ದಿನದ ಗಡುವು ದಾಟಿದೆ ಎಂದು ಕೈಬಿಡಬೇಡಿ. ವಿಳಂಬ ಮನ್ನಿಸಲು ಅರ್ಜಿ ಸೇರಿಸಿ ಈಗಲೂ ಹಾಕಬಹುದು.

ಇನ್ನು ನಮ್ಮಲ್ಲಿ ಯಾಕಿಲ್ಲ ಎಂಬ ನಿಮ್ಮ ಪ್ರಶ್ನೆ. ನೀವು ಓದಿದ್ದು 2025ರ ಜನವರಿಯ ಸುದ್ದಿ ಇರಬೇಕು. ಬೈಡನ್ ಅಧಿಕಾರ ಬಿಡುವ ಕೊನೆಯ ವಾರದಲ್ಲಿ, ಹಿಂಸೆಯಿಲ್ಲದ ಮಾದಕ ವಸ್ತು ಕೇಸಿನ ಸುಮಾರು 2,500 ಜನರ ಶಿಕ್ಷೆ ಕಡಿಮೆ ಮಾಡಿದರು. ಅದು ಪೆರೋಲ್ ಅಲ್ಲ, ಅಧ್ಯಕ್ಷರ ಕ್ಷಮಾಧಿಕಾರ. ಅಲ್ಲಿನ ಫೆಡರಲ್ ಕೇಸುಗಳಲ್ಲಿ 1987ರ ನವೆಂಬರ್ ನಂತರದ ಅಪರಾಧಗಳಿಗೆ ಪೆರೋಲ್ ವ್ಯವಸ್ಥೆಯೇ ಇಲ್ಲ. ಅಲ್ಲೂ ತೂಕ ನೋಡಿ ಕನಿಷ್ಠ ಶಿಕ್ಷೆ ಕೊಡುವ ಕಾನೂನು 1986ರಲ್ಲಿ ಬಂತು. ಜೈಲು ತುಂಬಿದ ಮೇಲೆ, ತಿದ್ದಲು ಎರಡು ದಶಕಕ್ಕೂ ಜಾಸ್ತಿ ಬೇಕಾಯಿತು.

ನಮ್ಮ ಕತೆ ಇನ್ನೂ ವಿಚಿತ್ರ. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದಾಗ ಗಾಂಜಾಕ್ಕೆ ಗರಿಷ್ಠ ಶಿಕ್ಷೆ 5 ವರ್ಷ ಇತ್ತು. ಕನಿಷ್ಠ ಎಂಬುದು ಇರಲಿಲ್ಲ. ಕನಿಷ್ಠ 10 ವರ್ಷ ಇದ್ದಿದ್ದು ಚರಸ್, ಹೆರಾಯಿನ್ ಥರದವಕ್ಕೆ. ಸಣ್ಣಪುಟ್ಟವರಿಗೂ 10 ವರ್ಷ ಆಗುತ್ತಿದೆ, ಪ್ರಮಾಣ ನೋಡಿ ಶಿಕ್ಷೆ ಕೊಡೋಣ ಎಂದು 2001ರಲ್ಲಿ ತಿದ್ದುಪಡಿ ಮಾಡಿದರು. ಸುಧಾರಣೆ ಎಂದೇ ಕರೆದರು. ಅದರಿಂದ ಹೆರಾಯಿನ್ ಸೇದುವವನಿಗೆ ಶಿಕ್ಷೆ ಕಡಿಮೆಯಾಯಿತು, ಗಾಂಜಾ ಸಾಗಿಸಿದವನಿಗೆ 5 ಇದ್ದಿದ್ದು 20ರವರೆಗೆ ಹೋಯಿತು. ನಿಮ್ಮ ತಮ್ಮ ಇದೇ ಚೀಲಗಳೊಂದಿಗೆ 2000ದಲ್ಲಿ ಸಿಕ್ಕಿಬಿದ್ದಿದ್ದರೆ, ಗರಿಷ್ಠ ಶಿಕ್ಷೆಯಾಗಿದ್ದರೂ, ಇಷ್ಟರಲ್ಲಿ ಮನೆಯಲ್ಲಿರುತ್ತಿದ್ದ. ಜೊತೆಗೆ 32ಎ ಇರುವುದರಿಂದ ಒಳ್ಳೆಯ ನಡತೆಗೆ ಸಿಗುವ ಮಾಫಿಯೂ ಅವನಿಗಿಲ್ಲ. ಪಕ್ಕದ ಬ್ಯಾರಕ್‌ನಲ್ಲಿರುವ ಕೊಲೆ ಕೇಸಿನ ಜೀವಾವಧಿ ಕೈದಿಯ ಹೆಸರು 14 ವರ್ಷ ಕಳೆದ ಮೇಲೆ ಅವಧಿಪೂರ್ವ ಬಿಡುಗಡೆಯ ಪಟ್ಟಿಗೆ ಬರಬಹುದು. ಗಾಂಜಾಕ್ಕೆ 20 ವರ್ಷ ಆದವನು ಅದೇ ಜೈಲಿನಲ್ಲಿ ಪೂರ್ತಿ 20 ವರ್ಷ ಕೂತಿರಬೇಕು. ದಾದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಭೇದವನ್ನು ಒಪ್ಪಿಕೊಂಡಿತು. ನನಗೆ ಅದು ಇವತ್ತಿಗೂ ಒಪ್ಪಿಗೆಯಾಗಿಲ್ಲ. ಆದರೆ ಬದಲಾಯಿಸಬೇಕಾದ್ದು ಸಂಸತ್ತು.

ರಾಷ್ಟ್ರಪತಿಗೆ 72ನೇ ವಿಧಿಯಡಿ, ರಾಜ್ಯಪಾಲರಿಗೆ 161ನೇ ವಿಧಿಯಡಿ ಕ್ಷಮೆಯ ಅರ್ಜಿ ಹಾಕಲು 32ಎ ಅಡ್ಡಿಯಲ್ಲ. ಅದು ಸಂವಿಧಾನದ ಅಧಿಕಾರ, ಕಾಯ್ದೆ ಅದನ್ನು ಕಿತ್ತುಕೊಳ್ಳಲಾರದು. ಆದರೆ ಅದರ ಮೇಲೆ ಆಸೆ ಕಟ್ಟಬೇಡಿ, ಅಪೀಲು ಮುಗಿಯುವ ತನಕ ಅದರ ಗೋಜೂ ಬೇಡ.

ತಮ್ಮನ ಜೊತೆ ಮಾತಾಡಲು ಪ್ರತಿ ಸಲ ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೋಗುತ್ತಿದ್ದರೆ, ಇ-ಮುಲಾಖಾತ್ ವಿಡಿಯೋ ಭೇಟಿಗೆ ಹೆಸರು ಬರೆಸಿ. ಮಹಜರಿನ ತೂಕದ ವಿಷಯವನ್ನು ಅವನ ಬಾಯಲ್ಲೇ ಕೇಳಿಕೊಳ್ಳಿ. ಎಲ್ಲಿ ತೂಗಿದರು, ಚೀಲ ಒದ್ದೆ ಇತ್ತಾ, ಅವನಿಗೆ ನೆನಪಿರುತ್ತದೆ.

ದಂಡದ ವಿಷಯವೂ ಒಂದಿದೆ. ವಿಚಾರಣೆ ಕಾಲದಲ್ಲಿ ಒಳಗಿದ್ದ ದಿನಗಳು 10 ವರ್ಷದಲ್ಲಿ ಕಳೆಯುತ್ತವೆ, ಅಂದರೆ 2029ರ ಡಿಸೆಂಬರ್‌ಗೆ ಶಿಕ್ಷೆ ಮುಗಿಯುತ್ತದೆ. ಆದರೆ ದಂಡ ಕಟ್ಟದಿದ್ದರೆ ಬರುವ ಆ 1 ವರ್ಷಕ್ಕೆ ಆ ದಿನಗಳು ಹೊಂದಾಣಿಕೆಯಾಗುವುದಿಲ್ಲ. ಅದು ಪೂರ್ತಿ ಬೇರೆ, 10 ವರ್ಷ ಮುಗಿದ ಮೇಲೆ ಶುರುವಾಗುತ್ತದೆ. ಅಪೀಲಿನಲ್ಲಿ ಈ 1 ವರ್ಷವನ್ನು ಕಡಿಮೆ ಮಾಡಿ ಎಂದು ಬೇರೆಯಾಗಿ ಕೇಳಿ. ಬಡವರ ಕೇಸಿನಲ್ಲಿ ಕೋರ್ಟುಗಳು ಇದನ್ನು ಇಳಿಸುವುದುಂಟು. ಈ ನಡುವೆ ಪ್ರತಿ ವರ್ಷ ಕಾಫಿ ಮಾರಿದಾಗ ಸ್ವಲ್ಪ ಸ್ವಲ್ಪ ಎತ್ತಿಡಿ. ಪೆರೋಲ್ ಮಾಡಿಸಿಕೊಡುತ್ತೇನೆ ಎಂದವರಿಗೆ ಕೊಡಬೇಕೆಂದಿದ್ದ ದುಡ್ಡನ್ನೂ ಅದಕ್ಕೇ ಸೇರಿಸಿ.